ಪಟ್ಟಣದ ಕೊಳೆನೀರೂ ಔಷಧಕ್ಕೆ ಬಗ್ಗದ ಅಣುಜೀವಿಗಳೂ

ದೊಡ್ಡ ಪಟ್ಟಣಗಳ ಆಸುಪಾಸಿನಲ್ಲಿ ಜಮೀನುಳ್ಳ ಹಿಡುವಳಿದಾರರಿಗೆ ಕೊಳೆನೀರು ಅಪರಿಚಿತವಾದ ಪದಾರ್ಥವಲ್ಲ. ಬೆಂಗಳೂರಿನಿಂದ ಬೈರಮಂಗಲದ ಕಡೆಗೆ ಇಳಿಯುವ ವೃಷಭಾವತಿಯ ದಡದವರೂ, ಹುಬ್ಬಳ್ಳಿ-ಧಾರವಾಡಗಳಿಂದ ಹೊರಬೀಳುವ ಹಳ್ಳಗಳ ಇಕ್ಕೆಲದ ರೈತರೂ ಬಹುಕಾಲದಿಂದ ಈ ನೀರನ್ನು ತಮ್ಮ ಪೈರುಗಳಿಗೆ ತಿರುಗಿಸಿಕೊಳ್ಳುತ್ತ ಬಂದಿರುವರು. ಮಳೆ ಹೋದರೂ ಈ ನೀರು ಹೋಗುವುದಿಲ್ಲ. ಬೇಸಗೆಯಲ್ಲಿ ಬಾವಿ ಬತ್ತಿದಾಗಲೂ ಕಾಲುವೆ ಹರಿಯುತ್ತಲೇ ಇರುವುದು. ಸಾರಜನಕ ರಂಜಕಗಳು ಇದರಲ್ಲಿ ಕರಗಿರುವುದರಿಂದ ಗೊಬ್ಬರದ ಖರ್ಚಿನಲ್ಲಿಯೂ ಉಳಿತಾಯವುಂಟು. ಇಂಥ ಅನುಕೂಲವನ್ನು ಬಿಟ್ಟುಬಿಡಿರೆಂದು ರೈತನಿಗೆ ಹೇಳುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಆದರೆ ಈಚಿನ ವರ್ಷಗಳಲ್ಲಿ ಈ ನೀರಿನೊಳಗೆ ನಮ್ಮ ಹಿರಿಯರ ಕಾಲದಲ್ಲಿ ಇಲ್ಲದಿದ್ದ ಒಂದು ಅಪಾಯವು ಸೇರಿಕೊಂಡಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ, ಪೈರನ್ನು ಕೆಡಿಸುವುದೂ ಇಲ್ಲ. ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ಕೊಟ್ಟ ಔಷಧವು ನಾಟದೆ ಹೋದಾಗ ಮಾತ್ರ ಅದರ ಇರವು ತಿಳಿಯುವುದು. ಆ ಅಪಾಯದ ಸ್ವರೂಪವನ್ನು ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶವು.

ಈ ವಿಷಯವು ನದೀತೀರದ ಕೆಲವೇ ಗ್ರಾಮಗಳಿಗೆ ಸೇರಿದ್ದೆಂದು ಭಾವಿಸಲಾಗದು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ ಜಿಲ್ಲೆಗೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳೆನೀರು 2018ನೆಯ ಇಸವಿಯ ಜೂನ್ ತಿಂಗಳಲ್ಲಿ ಹರಿಯಲಾರಂಭಿಸಿತು. ದಿನವೊಂದಕ್ಕೆ 44 ಕೋಟಿ ಲೀಟರು ನೀರನ್ನು ಎತ್ತಿ ನೂರಕ್ಕೂ ಮೇಲ್ಪಟ್ಟ ಕೆರೆಗಳನ್ನು ಒಂದರ ತರುವಾಯ ಒಂದರಂತೆ ತುಂಬಿಸುವುದೂ, ಕೆರೆಗಳಲ್ಲಿ ನಿಂತ ನೀರು ಭೂಮಿಗೆ ಇಂಗಿ ಅಂತರ್ಜಲವಾಗುವುದೂ ಆ ಯೋಜನೆಯ ಅಭಿಪ್ರಾಯ. ಮೊದಲು ತುಂಬಿದ ಲಕ್ಷ್ಮೀಸಾಗರದ ಕೆರೆಯಲ್ಲಿ ಕೆಲವೇ ವಾರಗಳಲ್ಲಿ ನೊರೆಯು ಕಾಣಿಸಿಕೊಂಡುದರಿಂದ ವಿವಾದವು ಹೈಕೋರ್ಟಿಗೂ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ತರುವಾಯ ನೀರು ಮತ್ತೆ ಹರಿಯಿತು. ಹೆಬ್ಬಾಳ-ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಎರಡನೆಯ ಯೋಜನೆಯೂ ಇದೇ ರೀತಿಯದು. ಸಾವಿರ ಅಡಿ ಕೊರೆದರೂ ನೀರು ಕಾಣದೆ ಕಂಗೆಟ್ಟಿದ್ದ ಸೀಮೆಯಲ್ಲಿ ಒಣಗಿದ ಕೆರೆ ತುಂಬಿ, ಬಾವಿಗಳಲ್ಲಿ ನೀರು ಮೇಲೆ ಬಂದುದು ಸಾಮಾನ್ಯ ಸಂಗತಿಯಲ್ಲ. ಈ ನೀರು ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಬಂದಿರುವ ನೀರನ್ನು ಯಾವ ರೀತಿಯಲ್ಲಿ ಬಳಸತಕ್ಕದ್ದು ಎಂಬುದೇ ಪ್ರಶ್ನೆ.

ಔಷಧವೂ ಅದರ ಪ್ರತಿರೋಧವೂ

ಮನುಷ್ಯರಿಗೂ ದನಕರುಗಳಿಗೂ ರೋಗವನ್ನುಂಟುಮಾಡುವ ಅಣುಜೀವಿಗಳಲ್ಲಿ ಬ್ಯಾಕ್ಟೀರಿಯಗಳೆಂಬುವು ಒಂದು ದೊಡ್ಡ ವರ್ಗ. ಇವುಗಳನ್ನು ಕೊಲ್ಲುವ ಅಥವಾ ಬೆಳೆಯಗೊಡದಿರುವ ಔಷಧಗಳಿಗೆ ಆಂಟಿಬಯೋಟಿಕ್ ಎಂದು ಹೆಸರು, ಕನ್ನಡದಲ್ಲಿ ಪ್ರತಿಜೀವಕವೆನ್ನುತ್ತಾರೆ. 1928ನೆಯ ಇಸವಿಯಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ವೈದ್ಯವಿಜ್ಞಾನಿಯು ಒಂದು ಬೂಷ್ಟಿನಲ್ಲಿ ಪೆನಿಸಿಲಿನ್ ಇರುವುದನ್ನು ಕಂಡನು. ಕ್ಷಯರೋಗಕ್ಕೆ ಮೊದಲು ಮದ್ದಾದ ಸ್ಟ್ರೆಪ್ಟೊಮೈಸಿನ್ ದೊರೆತುದು 1943ನೆಯ ಇಸವಿಯಲ್ಲಿ, ಅಮೆರಿಕದ ನ್ಯೂಜೆರ್ಸಿ ಪ್ರಾಂತದ ವ್ಯವಸಾಯ ಪ್ರಯೋಗಶಾಲೆಯೊಂದರಲ್ಲಿ. ಅದನ್ನು ಮಾಡುವ ಅಣುಜೀವಿಯು ಸಿಕ್ಕಿದ ಎಡೆಗಳಲ್ಲಿ ಚೆನ್ನಾಗಿ ಗೊಬ್ಬರ ಹಾಕಿದ ಹೊಲದ ಮಣ್ಣೂ ಒಂದು. ವ್ಯವಸಾಯಗಾರರು ಹೆಮ್ಮೆಪಡಬಹುದಾದ ಸಂಗತಿಯಿದು. ಇಂದು ಆಸ್ಪತ್ರೆಗಳಲ್ಲಿ ಪ್ರಾಣ ಉಳಿಸುತ್ತಿರುವ ಪ್ರತಿಜೀವಕಗಳಲ್ಲಿ ಅನೇಕವು ಹೊಲದ ಮಣ್ಣಿನ ಬ್ಯಾಕ್ಟೀರಿಯ ಬೂಷ್ಟುಗಳಿಂದಲೇ ಹುಟ್ಟಿದವು.

ಮಣ್ಣಿನಲ್ಲಿ ವಿಷವನ್ನು ಮಾಡುವ ಜೀವಿಯಿದ್ದ ಮೇಲೆ, ಆ ವಿಷವನ್ನು ತಾಳಿಕೊಳ್ಳುವ ಜೀವಿಯೂ ಪಕ್ಕದಲ್ಲಿಯೇ ಇರುವುದು ಸಹಜ. ಉತ್ತರ ಅಮೆರಿಕದ ಯೂಕಾನ್ ಸೀಮೆಯಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿಯೂ ಪ್ರತಿಜೀವಕಗಳನ್ನು ತಡೆಯುವ ಗುಣದ ಬೀಜಾಂಶಗಳಿದ್ದುವೆಂದು 2011ನೆಯ ಇಸವಿಯಲ್ಲಿ ಪ್ರಕಟವಾಯಿತು. ಆದುದರಿಂದ ಪ್ರತಿರೋಧವೆಂಬುದು ಮನುಷ್ಯನು ಸೃಷ್ಟಿಸಿದ್ದಲ್ಲ. ಮನುಷ್ಯನು ಮಾಡಿದ್ದೇನೆಂದರೆ, ಎಲ್ಲಿಯೋ ಒಂದೊಂದಾಗಿ ಇದ್ದುದನ್ನು ಎಲ್ಲೆಲ್ಲಿಯೂ ಹೆಚ್ಚುವಂತೆ ಮಾಡಿದ್ದು.

ಇದು ಹೇಗಾಗುವುದೆಂಬುದನ್ನು ಹತ್ತಿ ಬೆಳೆಯುವವರಿಗೆ ಬಹಳ ವಿವರಿಸಬೇಕಾಗಿಲ್ಲ. 2002ನೆಯ ಇಸವಿಯಲ್ಲಿ ನಮ್ಮ ದೇಶದಲ್ಲಿ ಬೀಟಿ ಹತ್ತಿಗೆ ಅನುಮತಿಯಾಯಿತು. ಕಾಯಿಕೊರಕಗಳು ಅಡಗಿದುವೆಂದು ಎಲ್ಲರೂ ನೆಮ್ಮದಿಯಿಂದಿರಲು, 2010ರ ಹೊತ್ತಿಗೆ ಗುಜರಾತಿನಲ್ಲಿ ಮೊದಲನೆಯ ಬಗೆಯ ಬೀಟಿಯನ್ನು ತಿಂದರೂ ಸಾಯದ ಗುಲಾಬಿ ಕಾಯಿಕೊರಕವು ಕಾಣಿಸಿಕೊಂಡಿತು. ಸಾವಿರ ಹುಳುಗಳಲ್ಲಿ ಒಂದು ಉಳಿದರೆ ಮುಂದಿನ ಪೀಳಿಗೆಯೆಲ್ಲವೂ ಆ ಒಂದರದೇ ಸಂತಾನ. ಬ್ಯಾಕ್ಟೀರಿಯದಲ್ಲಿಯೂ ಇದೇ ನ್ಯಾಯ ನಡೆಯುವುದು, ಆದರೆ ವೇಗ ಬೇರೆ. ಹುಳುವಿನ ಒಂದು ಪೀಳಿಗೆಗೆ ವಾರಗಳು ಬೇಕು. ನಮ್ಮ ಕರುಳಿನಲ್ಲಿರುವ ಎಷರೀಷಿಯ ಕೋಲಿ ಎಂಬ ಬ್ಯಾಕ್ಟೀರಿಯವು ಅನುಕೂಲವಾದ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗಿ ಎರಡಾಗುವುದು.

ಮತ್ತೊಂದು ವ್ಯತ್ಯಾಸವು ಇದಕ್ಕಿಂತಲೂ ಮುಖ್ಯವಾದುದು. ಹುಳುವು ತನ್ನ ಗುಣವನ್ನು ತನ್ನ ಮರಿಗಳಿಗೆ ಮಾತ್ರ ಕೊಡಬಲ್ಲುದು. ಬ್ಯಾಕ್ಟೀರಿಯವಾದರೋ ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಕ್ಕೂ ಕೊಡುವುದು. ಪ್ಲಾಸ್ಮಿಡ್ ಎಂಬ ಒಂದು ಸಣ್ಣ ಉಂಗುರದಲ್ಲಿ ಈ ಗುಣಗಳು ಬರೆದಿಟ್ಟಂತೆ ಇರುವುವು. ಎರಡು ಬ್ಯಾಕ್ಟೀರಿಯಗಳು ಒಂದಕ್ಕೊಂದು ತಾಗಿದಾಗ ಆ ಉಂಗುರದ ಪ್ರತಿಯೊಂದು ಒಂದರಿಂದ ಮತ್ತೊಂದಕ್ಕೆ ಸಾಗುವುದು. ಜಪಾನಿನಲ್ಲಿ 1950ರ ದಶಕದಲ್ಲಿ ಆಮಶಂಕೆಯ ರೋಗಿಗಳಲ್ಲಿ ಒಂದೇ ಸಲಕ್ಕೆ ನಾಲ್ಕು ಔಷಧಗಳಿಗೆ ಬಗ್ಗದ ಅಣುಜೀವಿಗಳು ಕಂಡುಬಂದುವು. ಒಂದೊಂದಾಗಿ ಕಲಿತುಕೊಂಡಿದ್ದರೆ ಇಷ್ಟು ಬೇಗ ನಾಲ್ಕೂ ಬರಲು ಸಾಧ್ಯವಿರಲಿಲ್ಲ. ಕರುಳಿನೊಳಗಣ ನಿರಪಾಯವಾದ ಬ್ಯಾಕ್ಟೀರಿಯದಿಂದಲೇ ಆಮಶಂಕೆಯ ಬ್ಯಾಕ್ಟೀರಿಯಕ್ಕೆ ನಾಲ್ಕೂ ಒಟ್ಟಿಗೆ ದಾಟುತ್ತವೆಂದು ಅಲ್ಲಿನ ವಿಜ್ಞಾನಿಗಳು 1959ರ ಸುಮಾರಿಗೆ ತೋರಿಸಿಕೊಟ್ಟರು. ಒಬ್ಬನ ಹೊಲದ ಕಳೆಯು ತನ್ನ ಗುಣವನ್ನು ನೆರೆಹೊಲದ ಬೇರೊಂದು ಕಳೆಗೆ ಕೈಯೆತ್ತಿ ಕೊಡುವಂತಿದ್ದರೆ ವ್ಯವಸಾಯದ ಗತಿಯೇನಾದೀತೆಂದು ಊಹಿಸಿಕೊಂಡರೆ ಇದರ ಗುರುತ್ವವು ತಿಳಿಯುವುದು.

2019ನೆಯ ಒಂದು ವರ್ಷದಲ್ಲಿಯೇ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳ ದೆಸೆಯಿಂದ ಪ್ರಪಂಚದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಮೃತಪಟ್ಟರೆಂದು ವೈದ್ಯವಿಜ್ಞಾನಿಗಳ ಅಂದಾಜು. ಬಾಣಂತಿಯ ಜ್ವರ, ಹಸುಳೆಗಳ ರಕ್ತದ ಸೋಂಕು, ಕಾಲಿಗೆ ಕುಡುಗೋಲು ತಗುಲಿದ ಗಾಯ ಇವೆಲ್ಲವೂ ನಮ್ಮ ಅಜ್ಜಂದಿರ ಕಾಲದಲ್ಲಿ ಪ್ರಾಣಾಂತಿಕವಾಗಿದ್ದುವು. ನಡುವೆ ಎರಡು ಮೂರು ತಲೆಮಾರು ಆ ಭಯವಿಲ್ಲದೆ ಬದುಕಿದೆವು.

ಕೊಳೆನೀರಿನಲ್ಲಿ ಇವು ಕೂಡುವ ಬಗೆ

ಪಟ್ಟಣದ ಚರಂಡಿಯಲ್ಲಿ ಈ ಗುಣವು ಇಷ್ಟು ಸೇರುವುದಕ್ಕೆ ಕಾರಣವು ಸರಳವಾಗಿದೆ. ನಾವು ನುಂಗಿದ ಪ್ರತಿಜೀವಕವೆಲ್ಲವೂ ಮೈಯಲ್ಲಿ ಕರಗಿಹೋಗುವುದಿಲ್ಲ. ಅಮಾಕ್ಸಿಸಿಲಿನ್, ಸಿಪ್ರೊಫ್ಲಾಕ್ಸಸಿನ್ ಮುಂತಾದವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಭಾಗವು ಹಾಗೆಯೇ ಮೂತ್ರದಲ್ಲಿ ಹೊರಬೀಳುವುದು. ಅದರೊಡನೆ, ಆ ಔಷಧವನ್ನು ತಾಳಿ ಕರುಳಿನಲ್ಲಿ ಉಳಿದುಕೊಂಡ ಬ್ಯಾಕ್ಟೀರಿಯವೂ ಹೊರಬೀಳುವುದು. ಲಕ್ಷಾಂತರ ಮನೆಗಳ, ಆಸ್ಪತ್ರೆಗಳ, ಕಸಾಯಿಖಾನೆಗಳ ನೀರು ಒಂದೇ ಕೊಳವೆಯಲ್ಲಿ ಕೂಡಿ, ಬೆಚ್ಚಗೆ, ಆಹಾರ ಸಮೃದ್ಧವಾಗಿ, ಕತ್ತಲೆಯಲ್ಲಿ ಗಂಟೆಗಟ್ಟಲೆ ಹರಿಯುವುದು. ಸಂತೆಗೆ ಬಂದವರು ಕೈಯಿಂದ ಕೈಗೆ ಸಾಮಾನು ಬದಲಾಯಿಸಿಕೊಳ್ಳುವಂತೆ ಬ್ಯಾಕ್ಟೀರಿಯಗಳು ಇಲ್ಲಿ ತಮ್ಮ ಉಂಗುರಗಳನ್ನು ಹಂಚಿಕೊಳ್ಳುವುವು. ಕಾರ್ಖಾನೆಗಳಿಂದ ಬರುವ ಸತು ತಾಮ್ರ ಮುಂತಾದ ಲೋಹಗಳೂ ಇದಕ್ಕೆ ಸಹಾಯಕವಾಗಬಲ್ಲುವು. ಏಕೆಂದರೆ ಲೋಹವನ್ನು ತಾಳುವ ಗುಣವೂ ಔಷಧವನ್ನು ತಾಳುವ ಗುಣವೂ ಅನೇಕ ಸಲ ಒಂದೇ ಉಂಗುರದಲ್ಲಿ ಜೊತೆಗಿರುವುವು.

ಇದಕ್ಕೆ ನಮ್ಮ ದೇಶದ ಎರಡು ನಿದರ್ಶನಗಳು ಪ್ರಪಂಚದಲ್ಲೆಲ್ಲ ಪ್ರಸಿದ್ಧವಾಗಿವೆ. ಪ್ರಸಿದ್ಧವಾದುದು ನಮಗೆ ಕೀರ್ತಿಯ ವಿಷಯವಲ್ಲ. ಮೊದಲನೆಯದು ಹೈದರಾಬಾದಿನ ಬಳಿಯ ಪಟಾನ್‌ಚೆರು. ರಾಗಿ ಜೋಳ ತೊಗರಿಗಳ ಅಂತರರಾಷ್ಟ್ರೀಯ ಸಂಶೋಧನಾಲಯವಾದ ಇಕ್ರಿಸ್ಯಾಟ್ ಇರುವ ಊರೇ ಅದು. ಅಲ್ಲಿ ಸುಮಾರು 90 ಔಷಧ ತಯಾರಕರ ಕೊಳೆನೀರನ್ನು ಶುದ್ಧಿಮಾಡುವ ಒಂದು ಸಾಮೂಹಿಕ ಶುದ್ಧೀಕರಣಾಲಯದಿಂದ ಹೊರಬಂದ ನೀರನ್ನು ಸ್ವೀಡನ್ ದೇಶದ ವಿಜ್ಞಾನಿಗಳು ಪರೀಕ್ಷಿಸಿ 2007ನೆಯ ಇಸವಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಸಿನ್ ಆ ನೀರಿನಲ್ಲಿದ್ದಿತು. ಈ ಔಷಧವನ್ನು ನುಂಗುತ್ತಿರುವ ರೋಗಿಯ ರಕ್ತದಲ್ಲಿಯೂ ಅಷ್ಟು ಇರುವುದಿಲ್ಲ. ಶುದ್ಧಿಯಾದ ಬಳಿಕದ ನೀರಿನ ಮಾತಿದೆಂಬುದನ್ನು ಮರೆಯಬಾರದು.

ಎರಡನೆಯದು ದೆಹಲಿಯದು. ಬೇರೆಲ್ಲ ಮದ್ದೂ ಸೋತಾಗ ವೈದ್ಯರು ಕೊಡುವ ಕಾರ್ಬಪೆನಮ್ ಎಂಬ ವರ್ಗದ ಪ್ರತಿಜೀವಕಗಳನ್ನು ತುಂಡರಿಸಿಬಿಡುವ ಒಂದು ಗುಣವು, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಹಿಂದಿರುಗಿದ ರೋಗಿಯೊಬ್ಬರಲ್ಲಿ 2008ನೆಯ ಇಸವಿಯಲ್ಲಿ ಮೊದಲು ಪತ್ತೆಯಾಯಿತು. ಇದಕ್ಕೆ ಎನ್‌ಡಿಎಂ-1 ಎಂದು ಹೆಸರಿಟ್ಟರು. 2010ನೆಯ ಇಸವಿಯ ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ ಹಾಗೂ ಒಸರಿದ ನೀರಿನ 171 ಮಾದರಿಗಳನ್ನೂ, ನಲ್ಲಿಯ ನೀರಿನ 50 ಮಾದರಿಗಳನ್ನೂ ಪರೀಕ್ಷಿಸಿದಾಗ, ಮೊದಲನೆಯವುಗಳಲ್ಲಿ 51ರಲ್ಲಿಯೂ ಎರಡನೆಯವುಗಳಲ್ಲಿ 2ರಲ್ಲಿಯೂ ಈ ಗುಣದ ಬೀಜಾಂಶವು ಸಿಕ್ಕಿತು. ಕಾಲರಾ ಮತ್ತು ಆಮಶಂಕೆಗಳ ಬ್ಯಾಕ್ಟೀರಿಯಗಳಲ್ಲಿಯೂ ಅದು ಸೇರಿಕೊಂಡಿದ್ದಿತು. ಆ ಗುಣಕ್ಕೆ ನಮ್ಮ ರಾಜಧಾನಿಯ ಹೆಸರನ್ನಿಟ್ಟುದಕ್ಕಾಗಿ ದೇಶದಲ್ಲಿ ಬಹಳ ಕೋಪವುಂಟಾಯಿತು. ಕೋಪವು ಸಹಜವಾದುದೇ, ಆದರೆ ಚರಂಡಿಯ ನೀರು ಹೆಸರಿನ ಚರ್ಚೆಗೆ ಕಾಯುವುದಿಲ್ಲ.

ಡೆನ್ಮಾರ್ಕಿನ ವಿಜ್ಞಾನಿಗಳು 60 ದೇಶಗಳ 79 ಸ್ಥಳಗಳ ಕೊಳೆನೀರನ್ನು ತರಿಸಿ ಪರೀಕ್ಷಿಸಿ 2019ನೆಯ ಇಸವಿಯಲ್ಲಿ ಪ್ರಕಟಿಸಿದ ಒಂದು ನಿರ್ಣಯವು ಗ್ರಾಮಮುಖಂಡರ ಲಕ್ಷ್ಯಕ್ಕೆ ವಿಶೇಷವಾಗಿ ಅರ್ಹವಾಗಿದೆ. ಜನರು ಎಷ್ಟು ಔಷಧ ನುಂಗುತ್ತಾರೆಂಬುದಕ್ಕಿಂತಲೂ, ಆ ದೇಶದ ಕಕ್ಕಸು, ಚರಂಡಿ, ಕುಡಿಯುವ ನೀರು, ಆರೋಗ್ಯಸ್ಥಿತಿ ಇವು ಹೇಗಿವೆ ಎಂಬುದರೊಂದಿಗೇ ಪ್ರತಿರೋಧದ ಪ್ರಮಾಣವು ಹೆಚ್ಚು ಹೊಂದಿಕೊಂಡಿತು. ಔಷಧವು ಈ ಗುಣವನ್ನು ಆರಿಸಿ ಬೆಳೆಸುವುದು. ಹೊಲಸು ನೀರು ಅದನ್ನು ಮನೆಮನೆಗೂ ಹೊತ್ತುಹಾಕುವುದು. ಮೊದಲನೆಯದು ಬಹುಮಟ್ಟಿಗೆ ವೈದ್ಯರ ಮತ್ತು ಸರ್ಕಾರದ ಕೈಯಲ್ಲಿದೆ. ಎರಡನೆಯದು ಗ್ರಾಮದ ಕೈಯಲ್ಲಿಯೂ ಇದೆ.

ಶುದ್ಧೀಕರಣಾಲಯದಿಂದ ಬಂದ ನೀರು

ನಗರದವರು ಶುದ್ಧಿಮಾಡಿಯೇ ಕಳುಹಿಸುತ್ತಾರಲ್ಲವೇ ಎಂದು ಕೇಳುವವರುಂಟು. ಶುದ್ಧಿಯೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಕೊಳೆನೀರಿಗೆ ಗಾಳಿಯೂದಿ, ಅದರಲ್ಲಿರುವ ಅಣುಜೀವಿಗಳಿಂದಲೇ ಅದರ ಕೊಳೆಯನ್ನು ತಿನ್ನಿಸಿ, ಆ ಜೀವಿಗಳನ್ನು ಕೆಸರಾಗಿ ಕೆಳಗಿಳಿಸುವ ವಿಧಾನವನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1914ನೆಯ ಇಸವಿಯಲ್ಲಿ ಕಂಡುಹಿಡಿದರು. ಅದಕ್ಕೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ ಎಂಬವರು ಎರಡು ವರ್ಷಗಳ ತರುವಾಯ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಪ್ರೊಫೆಸರಾಗಿ ಬಂದು, ಆ ಕೆಸರನ್ನು ಭೂಮಿಗೆ ಗೊಬ್ಬರವಾಗಿ ಉಪಯೋಗಿಸುವ ವಿಷಯದಲ್ಲಿ ಇಲ್ಲಿಯೂ ಪರಿಶೋಧನೆ ನಡೆಸಿದರು. ಹೀಗೆ ಈ ವಿಧಾನಕ್ಕೂ ನಮ್ಮ ಸೀಮೆಗೂ ಹಳೆಯ ಸಂಬಂಧವಿದೆ.

ಆದರೆ ಈ ವಿಧಾನವು ಹುಟ್ಟಿದುದು ದುರ್ಗಂಧವನ್ನೂ ಕೊಳೆಯನ್ನೂ ತೆಗೆಯುವುದಕ್ಕೆ, ಬ್ಯಾಕ್ಟೀರಿಯವನ್ನು ನಿರ್ಮೂಲಮಾಡುವುದಕ್ಕಲ್ಲ. ಲೆಕ್ಕವು ಹೀಗಿದೆ. ಕಚ್ಚಾ ಕೊಳೆನೀರಿನ 100 ಮಿಲಿಲೀಟರಿನಲ್ಲಿ, ಎಂದರೆ ಒಂದು ಸಣ್ಣ ಲೋಟದಷ್ಟರಲ್ಲಿ, ಮಲದಿಂದ ಬಂದ ಕೋಲಿಫಾರ್ಮ್ ಬ್ಯಾಕ್ಟೀರಿಯಗಳು 1 ಕೋಟಿಯಷ್ಟು ಇರುವುದು ಸಾಮಾನ್ಯ. ಚೆನ್ನಾಗಿ ನಡೆಯುತ್ತಿರುವ ಶುದ್ಧೀಕರಣಾಲಯವು ಗಾಳಿಯೂದುವ ಎರಡನೆಯ ಹಂತದ ವೇಳೆಗೆ ಇವುಗಳಲ್ಲಿ ನೂರಕ್ಕೆ 99ನ್ನು ತೆಗೆಯಬಹುದು. ನೂರಕ್ಕೆ 99 ಎಂದ ಕೂಡಲೆ ನಮಗೆ ಪೂರ್ಣ ತೃಪ್ತಿಯಾಗುವುದು. ಆದರೆ 1 ಕೋಟಿಯಲ್ಲಿ ನೂರಕ್ಕೆ ಒಂದೆಂದರೆ ಇನ್ನೂ 1 ಲಕ್ಷ ಉಳಿಯಿತು. ಹಸಿಯಾಗಿ ತಿನ್ನುವ ಬೆಳೆಗಳಿಗೆ ಹಾಯಿಸುವ ನೀರಿನಲ್ಲಿ ಇವು 1,000ಕ್ಕೆ ಮೀರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯು 1989ನೆಯ ಇಸವಿಯಲ್ಲಿ ಗೊತ್ತುಮಾಡಿದ್ದಿತು. ಆ ಮಟ್ಟಕ್ಕೆ ಇಳಿಸಬೇಕಾದರೆ ಮರಳಿನಲ್ಲಿ ಸೋಸಿ ಕ್ಲೋರಿನ್ ಅಥವಾ ಅಂಥ ಬೇರೊಂದು ಕ್ರಮದಿಂದ ಅಣುಜೀವಿಗಳನ್ನು ಕೊಲ್ಲುವ ಮೂರನೆಯ ಹಂತವು ಬೇಕು. ಕೋಲಾರದವರು ಮೂರನೆಯ ಹಂತದ ಶುದ್ಧೀಕರಣಕ್ಕಾಗಿ ಒತ್ತಾಯಪಡಿಸಿದುದು ಬರಿಯ ಹಟವಲ್ಲವೆಂದು ಈ ಲೆಕ್ಕದಿಂದ ತಿಳಿಯಬಹುದು.

ಇಷ್ಟಾದರೂ ಶುದ್ಧೀಕರಣಾಲಯವನ್ನು ಹಳಿಯುವುದು ಸರಿಯಲ್ಲ. 2020-21ರಲ್ಲಿ ನಮ್ಮ ದೇಶದ ಪಟ್ಟಣಗಳಲ್ಲಿ ದಿನಕ್ಕೆ 7,236 ಕೋಟಿ ಲೀಟರು ಕೊಳೆನೀರು ಹುಟ್ಟುತ್ತಿದ್ದು, ನಿಜವಾಗಿ ಶುದ್ಧಿಯಾಗುತ್ತಿದ್ದುದು 2,023 ಕೋಟಿ ಲೀಟರು ಮಾತ್ರವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ ಲೆಕ್ಕ. ಉಳಿದುದೆಲ್ಲವೂ ಹಳ್ಳಕ್ಕೂ ಕೆರೆಗೂ ಹಾಗೆಯೇ ಸೇರಿತು. ಆದುದರಿಂದ ಎರಡು ಹಂತ ದಾಟಿದ ನೀರು ಸಿಕ್ಕುವ ಗ್ರಾಮವು, ಕಚ್ಚಾ ಮೋರಿಯ ನೀರನ್ನೇ ಎತ್ತುವ ಗ್ರಾಮಕ್ಕಿಂತ ಭಾಗ್ಯಶಾಲಿಯೇ ಸರಿ.

ಹೊಲದಲ್ಲಿ ಮಾಡತಕ್ಕದ್ದು

ಮುಖ್ಯವಾಗಿ ಒಂದು ಸಮಾಧಾನದ ಸಂಗತಿಯಿದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯವು ಬೇರೆ ವಿಷಯಗಳಲ್ಲಿ ವಜ್ರಕಾಯವಲ್ಲ. ಬಿಸಿಲು, ಒಣಗು, ಕುದಿಯುವ ನೀರು, ಬ್ಲೀಚಿಂಗ್ ಪುಡಿ ಇವುಗಳಿಗೆ ಅದೂ ಇತರ ಬ್ಯಾಕ್ಟೀರಿಯಗಳಂತೆಯೇ ಸಾಯುವುದು. ಆಸ್ಪತ್ರೆಯಲ್ಲಿ ಹಣ ಸುರಿದರೂ ಸಾಯದುದು ಅಡಿಗೆಯ ಮನೆಯಲ್ಲಿ ಒಂದು ಕುದಿಗೆ ಸಾಯುವುದು. ಆದುದರಿಂದ ಹೊಲದಿಂದ ಊಟದ ಎಲೆಯವರೆಗಿನ ದಾರಿಯಲ್ಲಿ ಒಂದೊಂದು ತಡೆಯನ್ನು ಹಾಕುತ್ತ ಹೋದರೆ ಅಪಾಯವನ್ನು ಬಹಳ ಮಟ್ಟಿಗೆ ಇಳಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2006ನೆಯ ಇಸವಿಯಲ್ಲಿ ತನ್ನ ಹಳೆಯ ಒಂದೇ ಅಳತೆಯ ಕಟ್ಟಳೆಯನ್ನು ಬದಲಾಯಿಸಿ ಈ ತಡೆಗಳ ಕ್ರಮವನ್ನೇ ಮುಂದಿಟ್ಟಿತು. ನಮ್ಮ ರೈತರಿಗೆ ಇದು ಹೆಚ್ಚು ಹೊಂದುವುದು.

ಬೆಳೆಯ ಆಯ್ಕೆಯೇ ಮೊದಲನೆಯ ತಡೆ. ಕೊತ್ತಂಬರಿ, ಪುದೀನ, ಮೂಲಂಗಿ, ಗಜ್ಜರಿ, ಸೌತೆ ಮುಂತಾಗಿ ಹಸಿಯಾಗಿ ತಿನ್ನುವ, ನೆಲಕ್ಕೆ ತಾಗಿ ಬೆಳೆಯುವ ಪೈರುಗಳನ್ನು ಈ ನೀರಿನಲ್ಲಿ ಬೆಳೆಯದಿರುವುದೇ ಲೇಸು. ಹಿಪ್ಪುನೇರಳೆ, ನೀಲಗಿರಿಯಲ್ಲದ ಇತರ ಮರಮುಟ್ಟು, ಹೂವು, ಬೀಜದ ಬೆಳೆ, ಬೇಯಿಸಿಯೇ ತಿನ್ನುವ ಕಾಳುಗಳು ಇವುಗಳಿಗೆ ಅಷ್ಟು ಆತಂಕವಿಲ್ಲ. ನೀಲಗಿರಿಯನ್ನು ಬಿಟ್ಟುದೇಕೆಂದರೆ, ಕಷ್ಟಪಟ್ಟು ಇಂಗಿಸಿದ ನೀರನ್ನು ಮತ್ತೆ ಅದರ ಬೇರಿಗೆ ಒಪ್ಪಿಸುವುದರಲ್ಲಿ ಅರ್ಥವಿಲ್ಲ.

ನೀರು ಹಾಯಿಸುವ ಬಗೆಯು ಎರಡನೆಯದು. ತುಂತುರಾಗಿ ಎಲೆಯ ಮೇಲೆ ಎರಚುವುದು ಎಲ್ಲಕ್ಕಿಂತ ಕೆಟ್ಟುದು. ಹನಿ ನೀರಾವರಿಯಿಂದ ಬೇರಿಗೆ ಮಾತ್ರ ಕೊಟ್ಟಲ್ಲಿ, ನೆಲಕ್ಕೆ ಹತ್ತಿರವಿರುವ ಬೆಳೆಯ ಮೇಲೆ ಬೀಳುವ ಅಣುಜೀವಿಗಳು ನೂರರಲ್ಲಿ ಒಂದಕ್ಕೂ, ನೆಲದಿಂದ ಎತ್ತರದಲ್ಲಿ ಕಾಯಿಬಿಡುವ ಬೆಳೆಯಲ್ಲಿ ಹತ್ತುಸಾವಿರಕ್ಕೊಂದಕ್ಕೂ ಇಳಿಯುವುದೆಂದು ಆ ಸಂಸ್ಥೆಯ ಅಂದಾಜು. ಕೋಲಾರದ ಸೀಮೆಯಲ್ಲಿ ಕೋಲು ನೆಟ್ಟು ದಾರ ಕಟ್ಟಿ ಟೊಮೇಟೊ ಬೆಳೆಯುವ ಪದ್ಧತಿಯು ಈ ದೃಷ್ಟಿಯಿಂದಲೂ ಒಳ್ಳೆಯದು. ನೆಲಕ್ಕೆ ಬಿದ್ದ ಹಣ್ಣನ್ನು ಮಾತ್ರ ಬುಟ್ಟಿಗೆ ಸೇರಿಸಕೂಡದು. ಕೊಯ್ಲಿಗೆ ಕೆಲವು ದಿನ ಮುಂಚೆ ಈ ನೀರನ್ನು ನಿಲ್ಲಿಸುವುದರಿಂದ ಬಿಸಿಲೇ ನಮ್ಮ ಕೆಲಸವನ್ನು ಮಾಡುವುದು. ಒಳ್ಳೆಯ ಬಿಸಿಲಿನಲ್ಲಿ ಎಲೆಯ ಮೇಲಣ ಅಣುಜೀವಿಗಳು ದಿನಕ್ಕೆ ಹತ್ತರಲ್ಲಿ ಒಂದಕ್ಕೆ, ಕೆಲವು ಸಲ ಅದಕ್ಕಿಂತಲೂ ಕಡಿಮೆಗೆ ಇಳಿಯುವುವು. ಸೊಪ್ಪು ಎಳೆಯದಾಗಿರಲೆಂದು ಕೊಯ್ಲಿನ ಹಿಂದಿನ ಸಂಜೆಯೇ ನೀರು ಹಾಯಿಸುವ ರೂಢಿಯು ಇದಕ್ಕೆ ನೇರವಾಗಿ ವಿರುದ್ಧವಾದುದು. ಅದಕ್ಕಿಂತಲೂ ಕೆಟ್ಟುದು, ಮಾರುಕಟ್ಟೆಗೆ ಹೊರಡುವ ಮುನ್ನ ಸೊಪ್ಪಿನ ಕಟ್ಟುಗಳನ್ನು ಅದೇ ಕಾಲುವೆಯಲ್ಲಿ ಅದ್ದಿ ತಾಜಾ ಮಾಡುವುದು. ಹೊಲದಲ್ಲಿ ಹಾಕಿದ ತಡೆಯೆಲ್ಲವೂ ಆ ಒಂದು ಅದ್ದಿನಲ್ಲಿ ನಿಷ್ಫಲವಾಗುವುದು.

ಈ ನೀರಿನಲ್ಲಿ ನಿಂತು ಕೆಲಸ ಮಾಡುವವರನ್ನು ಹಿಡುವಳಿದಾರರು ಮರೆಯುವುದು ಹೆಚ್ಚು. ಕಳೆ ಕೀಳುವ ಹೆಂಗಸರು ಬರಿಗಾಲಿನಲ್ಲಿ ಗಂಟೆಗಟ್ಟಲೆ ಕೆಸರಿನಲ್ಲಿದ್ದು, ಅದೇ ಕೈಯಲ್ಲಿ ಬುತ್ತಿ ಬಿಚ್ಚಿ, ಮನೆಗೆ ಹೋಗಿ ಮಗುವನ್ನೆತ್ತಿಕೊಳ್ಳುವರು. ಒಂದು ಜೊತೆ ರಬ್ಬರ್ ಬೂಟು, ಒಂದು ಕೊಡ ಒಳ್ಳೆಯ ನೀರು, ಒಂದು ಸಾಬೂನು ಇವು ಕೂಲಿಯ ಜೊತೆಗೆ ಸಲ್ಲಬೇಕಾದ ಬಾಬುಗಳೇ ಹೊರತು ದಾನವಲ್ಲ.

ಕೆರೆಯಿಂದ ಇಂಗಿದ ನೀರಿನ ವಿಷಯ ಬೇರೆ. ಮಣ್ಣು ಒಳ್ಳೆಯ ಸೋಸಣಿಗೆ. ಹಲವು ಅಡಿ ಮಣ್ಣನ್ನು ಹಾದುಬಂದ ನೀರಿನಲ್ಲಿ ಬ್ಯಾಕ್ಟೀರಿಯಗಳು ಬಹಳ ಕಡಿಮೆಯಾಗುವುವು. ಆದರೆ ನಮ್ಮ ಸೀಮೆಯ ನೆಲದಡಿಯಿರುವುದು ಬಿರುಕುಬಿಟ್ಟ ಗಟ್ಟಿ ಕಲ್ಲು. ಬಿರುಕಿನಲ್ಲಿ ನೀರು ಸೋಸಿಕೊಳ್ಳದೆ ನೇರವಾಗಿ ಓಡುವುದು. ಕೆರೆಯ ಅಂಗಳದ ಪಕ್ಕದ ತೆರೆದ ಬಾವಿಗಳೂ, ಕೇಸಿಂಗ್ ಕೊಳವೆಯು ಸರಿಯಾಗಿ ಇಳಿಯದ ಬೋರ್‌ವೆಲ್ಲುಗಳೂ ಇದಕ್ಕೆ ಮೊದಲು ಗುರಿಯಾಗುವುವು. ಇಂಥ ನೀರನ್ನು ಕುದಿಸದೆ ಕುಡಿಯಕೂಡದು. ತೆರೆದ ಬಾವಿಗೆ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಸಾವಿರ ಲೀಟರಿಗೆ ಸುಮಾರು 2.5 ಗ್ರಾಮಿನಂತೆ ಹಾಕುವುದು ವಾಡಿಕೆ. 3 ಮೀಟರು ಅಗಲದ ದುಂಡುಬಾವಿಯಲ್ಲಿ 4 ಮೀಟರು ನೀರಿದ್ದರೆ ಅದು ಸುಮಾರು 28,000 ಲೀಟರು. ಅದಕ್ಕೆ 70 ಗ್ರಾಂ ಪುಡಿ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣದ ಗಷ್ಟು ಕೆಳಗಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಸೇರಿಸಿ, ಒಂದು ಗಂಟೆ ಕಳೆದ ತರುವಾಯ ನೀರು ಸೇದಬೇಕು. ನೀರು ಕದಡಿದ್ದರೆ ಅಥವಾ ಪುಡಿಯು ಹಳತಾಗಿದ್ದರೆ ಈ ಪ್ರಮಾಣವು ಸಾಲದು.

ಶುದ್ಧೀಕರಣಾಲಯದ ಕೆಸರನ್ನೂ, ಪಾಯಿಖಾನೆಯ ಗುಂಡಿಗಳನ್ನು ಬರಿದುಮಾಡುವ ಲಾರಿಗಳ ಹೊರೆಯನ್ನೂ ಹೊಲಕ್ಕೆ ಸುರಿಸಿಕೊಳ್ಳುವ ರೂಢಿಯು ಬೆಂಗಳೂರಿನ ಸುತ್ತ ಹಬ್ಬಿದೆ. ಗೊಬ್ಬರವು ಒಳ್ಳೆಯದೇ, ಹಸಿಯಾಗಿ ಹಾಕುವುದೇ ತಪ್ಪು. ಸಿಪ್ರೊಫ್ಲಾಕ್ಸಸಿನಿನಂಥ ಔಷಧಗಳು ನೀರಿಗಿಂತ ಕೆಸರಿಗೇ ಹೆಚ್ಚಾಗಿ ಅಂಟಿಕೊಳ್ಳುವುದರಿಂದ, ನೀರು ತಿಳಿಯಾದಷ್ಟೂ ಕೆಸರು ಭಾರವಾಗುವುದು. ಇದಕ್ಕೆ ಪರಿಹಾರವನ್ನು ದೂರ ಹುಡುಕಬೇಕಾದುದಿಲ್ಲ. ಸಿ. ಎನ್. ಆಚಾರ್ಯರು 1939ನೆಯ ಇಸವಿಯಲ್ಲಿ ಬೆಂಗಳೂರಿನ ವಿಜ್ಞಾನಸಂಸ್ಥೆಯಲ್ಲಿ ರೂಪಿಸಿದ, ದೇಶವಿದೇಶಗಳಲ್ಲಿ ಬೆಂಗಳೂರು ಪದ್ಧತಿಯೆಂದೇ ಹೆಸರಾದ ಕಾಂಪೋಸ್ಟ್ ಕ್ರಮವು ಊರಕಸವನ್ನೂ ಮಲವನ್ನೂ ಪದರಪದರವಾಗಿ ಗುಂಡಿಯಲ್ಲಿ ಹಾಕಿ, ಮಣ್ಣು ಮುಚ್ಚಿ, ತಿಂಗಳುಗಟ್ಟಲೆ ಕೊಳೆಯಿಸುವುದೇ ಆಗಿದೆ. ರಾಶಿಯ ಒಳಗಿನ ಶಾಖವು 55 ಡಿಗ್ರಿ ಸೆಂಟಿಗ್ರೇಡಿಗೇರಿ ಕೆಲವು ದಿನ ನಿಂತರೆ ರೋಗದ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ನಾಶವಾಗುವುವು. ಪ್ರತಿರೋಧದ ಬೀಜಾಂಶಗಳು ಪೂರ್ತಿಯಾಗಿ ಹೋಗುವುವೆಂದು ಹೇಳುವಂತಿಲ್ಲವಾದರೂ ಹಸಿಯ ಹೊರೆಗೂ ಇದಕ್ಕೂ ಅಜಗಜಾಂತರವುಂಟು. ಕೋಳಿಗೊಬ್ಬರಕ್ಕೂ ಇದೇ ಮಾತು ಸಲ್ಲುವುದು.

ನಮ್ಮ ಕೊಟ್ಟಿಗೆಯ ಮಾತು

ಪಟ್ಟಣದವರ ದೋಷವನ್ನು ಹೇಳಿದ ಮೇಲೆ ನಮ್ಮದನ್ನೂ ನೋಡಿಕೊಳ್ಳಬೇಕು. ಕೆಚ್ಚಲುಬಾವಿಗೆ ಎರಡು ಚುಚ್ಚುಮದ್ದು ಹಾಕಿಸಿ, ಹಸು ಸ್ವಲ್ಪ ಚೇತರಿಸಿಕೊಂಡ ಕೂಡಲೆ ನಿಲ್ಲಿಸುವುದೂ, ಮಿಕ್ಕ ಸೀಸೆಯನ್ನು ನೆರೆಯವನ ಎಮ್ಮೆಗೆ ಕೊಡುವುದೂ ಗ್ರಾಮಗಳಲ್ಲಿ ಸಾಮಾನ್ಯ. ಸಾಲದಷ್ಟು ಔಷಧವು ಬಲಹೀನವಾದ ಬ್ಯಾಕ್ಟೀರಿಯವನ್ನು ಕೊಂದು ಬಲವಾದುದನ್ನು ಉಳಿಸುವುದೆಂದು ಫ್ಲೆಮಿಂಗನೇ 1945ನೆಯ ಇಸವಿಯಲ್ಲಿ, ನೊಬೆಲ್ ಪಾರಿತೋಷಕವನ್ನು ಪಡೆದ ಸಂದರ್ಭದ ಉಪನ್ಯಾಸದಲ್ಲಿ ಎಚ್ಚರಿಸಿದ್ದನು. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ಔಷಧದ ಚೀಟಿಯಲ್ಲಿ ಕಾಣಿಸಿದಷ್ಟು ದಿನ ಡೈರಿಗೆ ಹಾಕಕೂಡದು. ಮನುಷ್ಯರಿಗೆ ಕಡೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿಗಳಿಗೂ ಇತರ ಆಹಾರಪ್ರಾಣಿಗಳಿಗೂ ಕೊಡುವುದನ್ನು ಕೇಂದ್ರ ಸರ್ಕಾರವು 2019ನೆಯ ಇಸವಿಯ ಜುಲೈ ತಿಂಗಳಲ್ಲಿ ನಿಷೇಧಿಸಿತು. ದಾಳಿಂಬೆಯ ಅಂಗಮಾರಿಗೂ ಭತ್ತದ ದುಂಡಾಣು ರೋಗಕ್ಕೂ ಸಿಂಪಡಿಸುವ ಸ್ಟ್ರೆಪ್ಟೊಮೈಸಿನ್ ಟೆಟ್ರಸೈಕ್ಲಿನ್‌ಗಳ ಮಿಶ್ರಣವನ್ನು ವ್ಯವಸಾಯದಲ್ಲಿ ನಿಲ್ಲಿಸುವ ಕರಡು ಆಜ್ಞೆಯೂ 2021ನೆಯ ಇಸವಿಯ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅಂಗಮಾರಿ ಬಿದ್ದ ರೆಂಬೆಗಳನ್ನು ಕಾಲಕ್ಕೆ ಸರಿಯಾಗಿ ಕತ್ತರಿಸಿ ಸುಡುವುದೂ, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ತೊಳೆಯುವುದೂ, ರೋಗವಿಲ್ಲದ ಸಸಿಗಳನ್ನೇ ನೆಡುವುದೂ ಈ ಸಿಂಪಡಣೆಗಿಂತ ನಂಬಬಹುದಾದ ಕ್ರಮಗಳು.

ಗ್ರಾಮ ಪಂಚಾಯತಿಯ ಮುಖಂಡರು ಈ ವಿಷಯದಲ್ಲಿ ಮಾಡಬಹುದಾದ ಕೆಲಸಗಳಲ್ಲಿ ನೀರಿನ ಪರೀಕ್ಷೆಯು ಅಲ್ಪ ಖರ್ಚಿನದು. ಜಿಲ್ಲೆಯ ಕುಡಿಯುವ ನೀರಿನ ಪರೀಕ್ಷಾಲಯಗಳಲ್ಲಿ ಔಷಧದ ಪ್ರತಿರೋಧವನ್ನು ಸಾಮಾನ್ಯವಾಗಿ ನೋಡುವುದಿಲ್ಲ. ಮಲದ ಕೋಲಿಫಾರ್ಮನ್ನು ನೋಡುವರು. ಅಷ್ಟೇ ಸಾಕು, ಏಕೆಂದರೆ ಮಲವು ಸೇರಿದಲ್ಲಿ ಪ್ರತಿರೋಧವೂ ಜೊತೆಗೆ ಬಂದಿರುವುದೆಂದೇ ತಿಳಿಯಬೇಕು. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಎಷರೀಷಿಯ ಕೋಲಿ ಒಂದೂ ಇರಕೂಡದೆಂಬುದು ನಮ್ಮ ದೇಶದ ಮಾನದಂಡ. ಮಾದರಿಯನ್ನು ಪರೀಕ್ಷಾಲಯದವರೇ ಕೊಡುವ ಶುದ್ಧವಾದ ಸೀಸೆಯಲ್ಲಿ, ಬಾಯಿಗೆ ಬೆರಳು ತಾಗದಂತೆ ಹಿಡಿದು, ಬೋರ್‌ವೆಲ್ಲಾದರೆ ಐದು ನಿಮಿಷ ನೀರು ಬಿಟ್ಟ ತರುವಾಯ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು; ಬಿಸಿಲಿನಲ್ಲಿ ಬಸ್ಸಿನ ಮೇಲೆ ಹಾಕಿ ಮರುದಿನ ತಲುಪಿದ ಸೀಸೆಯ ಫಲಿತಾಂಶಕ್ಕೆ ಬೆಲೆಯಿಲ್ಲ. ಕೆರೆ ತುಂಬಿದ ಗ್ರಾಮಗಳಲ್ಲಿ ಬೇಸಗೆಯಲ್ಲಿ ಒಮ್ಮೆ, ಮುಂಗಾರಿನ ಮೊದಲ ದೊಡ್ಡ ಮಳೆಯ ತರುವಾಯ ಮತ್ತೊಮ್ಮೆ, ಅದೇ ಬಾವಿಗಳಿಂದ ಮಾದರಿ ತೆಗೆಯಿಸಿ, ಫಲಿತಾಂಶವನ್ನು ಪಂಚಾಯತಿಯ ಪುಸ್ತಕದಲ್ಲಿ ಬಾವಿಯ ಹೆಸರು ತಾರೀಖುಗಳೊಡನೆ ಬರೆಸಿಡುವುದು ಅನುಕೂಲ. ನಗರದ ನೀರಿನ ಗುಣವನ್ನು ಕುರಿತು ಮುಂದೆ ಅಧಿಕಾರಿಗಳೊಡನೆ ವಾದಿಸಬೇಕಾಗಿ ಬಂದಾಗ ಗ್ರಾಮದವರ ಕೈಯಲ್ಲಿರುವ ದಾಖಲೆಯು ಅದೊಂದೇ ಆಗಿರುವುದು.